ಹಳೇ ಎಲ್ವೆಲ್ ಕೊಡಲಿಗೆ ಹಿಕರಿ ಕಾವು: ಮಲೆನಾಡಿನಲ್ಲಿ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಆನ್‌ಲೈನ್‌ನಲ್ಲಿ ತರಿಸಿದ ಅಮೆರಿಕದ ಹಿಕರಿ ಮರದ ಈ 28 ಇಂಚಿನ ಕಾವು ಗಟ್ಟಿ ಇದೆ, ಆದರೆ ಪೊಟ್ಟಣ ಬಿಚ್ಚಿ ಸಿಕ್ಕಿಸಿಕೊಳ್ಳುವ ಸಾಮಾನಲ್ಲ. ಅರ್ಧ ಕೆತ್ತಿದ ಮರದ ತುಂಡು ಅಂದುಕೊಂಡು ಕೊಂಡರೆ ಬೇಜಾರಾಗುವುದಿಲ್ಲ. ಅರ ಹಿಡಿದು ಕೂರಲು ಪುರುಸೊತ್ತಿಲ್ಲದವರು ಊರಿನ ಬಡಗಿಯನ್ನು ಕೇಳುವುದೇ ಲೇಸು.

ನನ್ನ ಕೊಡಲಿ ತೋಟದ ಹಳೇ ಕೊಟ್ಟಿಗೆಯಲ್ಲಿ ಸಿಕ್ಕಿದ್ದು. ತುಕ್ಕು ಉಜ್ಜಿದಾಗ ಎಲ್ವೆಲ್ ಎಂಬ ಮುದ್ರೆ ಕಂಡಿತು. ಇಂಗ್ಲೆಂಡಿನ ವೆಡ್ನ್ಸ್‌ಬರಿಯ ಕುಲುಮೆಯದು. ತೂಕ ಸುಮಾರು ಮೂರು ಪೌಂಡ್. ನಮ್ಮ ಕಮ್ಮಾರರ ಕೊಡಲಿಗಾದರೆ ಕಣ್ಣು, ಅಂದರೆ ಕಾವು ತೂರುವ ತೂತು, ದುಂಡಗೆ; ನೆಟ್ಟನೆಯ ಗಳು ತೂರಿಸಿದರೆ ಆಯಿತು. ಇದರ ಕಣ್ಣು ಉದ್ದುದ್ದ, ಪೇಟೆಯ ಕಾವು ಯಾವುದೂ ಕೂರಲಿಲ್ಲ. ಒಳಗೆ ಸಿಕ್ಕಿಕೊಂಡಿದ್ದ ಹಳೇ ಮೋಟನ್ನು ಒಲೆಗೆ ಹಾಕಿ ಸುಟ್ಟು ತೆಗೆ ಎಂದವರೇ ಹೆಚ್ಚು. ದಯವಿಟ್ಟು ಬೇಡ. ಬಿಸಿ 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕಿನ ಹದ ಇಳಿಯತೊಡಗುತ್ತದೆ, ಆಮೇಲೆ ಎಷ್ಟು ಮಸೆದರೂ ಬಾಯಿ ನಿಲ್ಲದು. ಡ್ರಿಲ್‌ನಲ್ಲಿ ನಾಲ್ಕಾರು ತೂತು ಕೊರೆದು ಬಡಿದರೆ ಮೋಟು ತಾನಾಗಿ ಉದುರುತ್ತದೆ.

ಕಾವಿನ ಬಗ್ಗೆ ನನ್ನ ದೊಡ್ಡ ತಕರಾರು, ನಾರು ನೋಡಿ ಆರಿಸಲು ಬರುವುದಿಲ್ಲ ಎಂಬುದು. ಬುಡದಲ್ಲಿ ಕಾಣುವ ವರ್ಷದ ಉಂಗುರಗಳ ಗೆರೆ ಅಲಗಿನ ನೇರಕ್ಕೆ ಇರಬೇಕು. ಪಕ್ಕದಿಂದ ನೋಡಿದರೆ ನಾರು ತುದಿಯಿಂದ ಬುಡದವರೆಗೂ ಓಡಬೇಕು. ನಡುವೆ ಅಂಚಿಗೆ ಹೊರಬಿದ್ದರೆ ಕಾವು ಸೀಳುವುದು ಅಲ್ಲೇ. ಮೊದಲು ಬಂದದ್ದರಲ್ಲಿ ಕುತ್ತಿಗೆಯ ಹತ್ತಿರವೇ ನಾರು ಓರೆಯಾಗಿ ಹೊರಬಿದ್ದಿತ್ತು. ವಾಪಸು ಕಳಿಸಿದೆ, ತಗಾದೆಯಿಲ್ಲದೆ ಬದಲಿ ಬಂತು. ಹಿಡಿ ಮಾತ್ರ ಅದರಲ್ಲೂ ದಪ್ಪ. ದಪ್ಪ ಕಾವು ಬಳುಕುವುದಿಲ್ಲ, ಪೆಟ್ಟಿನ ಅದುರೆಲ್ಲ ಮೊಣಕೈಗೆ. ಮೇಲಿನ ಹೊಳಪು ವಾರ್ನಿಶ್ ಬೆವರುಗೈಗೆ ಬೊಬ್ಬೆ ತರಿಸುವಂಥದ್ದು. ಗಾಜಿನ ಚೂರಿನಿಂದ ಹೆರೆದು ಎರಡನ್ನೂ ಇಳಿಸಿದೆ.

ಕೂರಿಸುವಾಗ ಕಾವನ್ನು ನೆಲಕ್ಕೆ ಕುಟ್ಟಬೇಡಿ. ಕೊಡಲಿ ಕೆಳಮುಖವಾಗಿ ತೂಗುವಂತೆ ಗಾಳಿಯಲ್ಲಿ ಹಿಡಿದು, ಕಾವಿನ ಬುಡಕ್ಕೆ ಮರದ ಸುತ್ತಿಗೆಯಿಂದ ಹೊಡೆಯಿರಿ. ಭಾರದ ಕಬ್ಬಿಣ ಇದ್ದಲ್ಲೇ ನಿಲ್ಲುತ್ತದೆ, ಕಾವು ಒಳಕ್ಕೆ ನುಗ್ಗುತ್ತದೆ. ಹೊರತೆಗೆದರೆ ಉಜ್ಜಿದ ಕಡೆ ಕಪ್ಪು ಗುರುತು. ಅಷ್ಟನ್ನೇ ಅರದಲ್ಲಿ ತೆಗೆದು ಮತ್ತೆ ಹೊಡೆತ. ಬೇಸರ ಬರುವಷ್ಟು ಸಲ ಮಾಡಬೇಕು, ಬೇರೆ ದಾರಿಯಿಲ್ಲ. ಬೆಣೆ ಜಡಿಯಲು ಕಾವಿನ ತುದಿಯಲ್ಲಿರುವ ಸೀಳು ಕಣ್ಣಿನ ಆಳದ ಮೂರನೇ ಎರಡು ಭಾಗಕ್ಕಾದರೂ ಇಳಿಯಬೇಕು. ಬಂದದ್ದು ಗಿಡ್ಡವಿತ್ತು, ಗರಗಸ ಹಾಕಿದೆ. ಮರದ ಬೆಣೆ ಜಡಿದು, ತುದಿಯನ್ನು ಐದಾರು ಮಿಲಿಮೀಟರ್ ಮೇಲೆ ಬಿಟ್ಟು ಕೊಯ್ದೆ. ಆ ತುದಿ ಅರಳಿ ಕೊಡಲಿ ಜಾರದಂತೆ ತಡೆಯುತ್ತದೆ. ಜೊತೆಗೆ ಕೊಟ್ಟ ಕಬ್ಬಿಣದ ಬೆಣೆ ಇನ್ನೂ ಡಬ್ಬಿಯಲ್ಲೇ ಇದೆ.

ಅಸಲಿ ಪರೀಕ್ಷೆ ನಮ್ಮ ಹವೆಯದು. ಮಳೆಗಾಲದಲ್ಲಿ ಮರ ಊದಿ ಎಲ್ಲ ಬಿಗಿ. ಶಿವರಾತ್ರಿ ದಾಟಿ ಒಣಗಾಳಿ ಬಿಟ್ಟ ಮೇಲೆ ಕೊಡಲಿ ಕೊಂಚ ಅಲುಗಿತು. ಬುಡಕ್ಕೆ ನಾಲ್ಕು ಪೆಟ್ಟು ಕೊಟ್ಟು ಬೆಣೆಯನ್ನು ಇನ್ನಷ್ಟು ಒಳಗೆ ಜಡಿದೆ, ಆಮೇಲಿನ ಬೇಸಿಗೆಗಳಲ್ಲಿ ತೊಂದರೆ ಬಂದಿಲ್ಲ. ಆಳುಗಳು ಮಾಡುವಂತೆ ಬಕೆಟ್ ನೀರಿನಲ್ಲಿ ಅದ್ದಿಟ್ಟರೆ ಅವತ್ತಿಗೆ ಬಿಗಿಯಾದೀತು. ಊದಿದ ನಾರು ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗಿ, ಒಣಗಿದ ಮೇಲೆ ಮೊದಲಿಗಿಂತ ಸಡಿಲ.

ಎಣ್ಣೆ ವಿಷಯ. ಹೊಂಗೆ, ತೆಂಗು ಎರಡೂ ಒಣಗುವ ಎಣ್ಣೆಗಳಲ್ಲ, ಕೈಗೆ ಜಿಡ್ಡು. ಒಣಗುವ ಅಗಸೆ ಎಣ್ಣೆ, ಅಂದರೆ ಪೇಂಟ್ ಅಂಗಡಿಯ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ತೆಳ್ಳಗೆ ಸವರಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ, ಹರವಿ ಒಣಗಿಸಿ. ಹಿಕರಿಯ ಬಿಳಿ ಭಾಗಕ್ಕೆ ಮರ ಕೊರೆಯುವ ಕುಟ್ಟೆ ಹುಳು ಹಿಡಿಯುವುದುಂಟು, ಹಾಗಾಗಿ ಸೌದೆ ರಾಶಿಯ ಪಕ್ಕ ಒರಗಿಸಿಡುವುದಿಲ್ಲ.

ಸಿಲ್ವರ್ ಓಕ್ ಸೌದೆ ಸೀಳಲು ಇದು ಬೇಕಾದಷ್ಟಾಯಿತು, ಎಲ್ಲೂ ಬಿರುಕಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ನಾರಿನ ಜೂಜಿಗೆ. ಆದರೂ ಮತ್ತೆ ಕೊಳ್ಳುವುದು ಅನುಮಾನ. ನಮ್ಮ ಕಾಡಿನ ತಡಸಲು ಮರ ಹಿಂದಿನಿಂದಲೂ ಉಪಕರಣಗಳ ಕಾವಿಗೆ ಹೆಸರಾದದ್ದು, ಬಳುಕಿನಲ್ಲೂ ಪೆಟ್ಟು ತಾಳುವುದರಲ್ಲೂ ಹಿಕರಿಯ ಜೊತೆ ಹೆಸರು ಹೇಳಿಸಿಕೊಳ್ಳುವ ಮರ. ಕೊಟ್ಟಿಗೆಯಲ್ಲಿ ಸಿಕ್ಕ ಇನ್ನೊಂದು ಸಣ್ಣ ಕೊಡಲಿಗೆ ಬಡಗಿಯ ಹತ್ತಿರ ತಡಸಲಿನ ಸೀಳು ಹಲಗೆ ಹೇಳಿಟ್ಟಿದ್ದೇನೆ. ನಾರನ್ನು ಅಲ್ಲೇ ನಿಂತು ನೋಡಿ ತೆಗೆದುಕೊಳ್ಳಬಹುದು.