ಚಳಿಗಾಲಕ್ಕೆ ಎರಡು ಪುಸ್ತಕ, ಎರಡರಲ್ಲೂ ಒಂದೊಂದು ನಾಯಿ

ಕಡಲೆಕಾಯಿ ಪರಿಷೆಗೆ ಅಂತ ಬಸವನಗುಡಿಗೆ ಹೋಗೋದು, ವಾಪಸ್ ಬರೋವಾಗ ಒಂದು ಕೈಲಿ ಕಡಲೆಕಾಯಿ ಇನ್ನೊಂದರಲ್ಲಿ ಪುಸ್ತಕ, ನಮ್ಮನೇಲಿ ಇದು ರೂಢಿ ಆಗ್ಬಿಟ್ಟಿದೆ. ಕಾರ್ತಿಕದ ಕೊನೇ ಸೋಮವಾರ ಅಂದ್ರೆ ಬೆಂಗಳೂರಿಗೆ ಚಳಿ ಆಗಷ್ಟೇ ಕಾಲಿಡೋ ಹೊತ್ತು, ಸಂಕ್ರಾಂತಿವರೆಗೆ ಓದೋಕೆ ಏನಾದ್ರೂ ಬೇಕಲ್ಲ, ಗಾಂಧಿಬಜಾರ್ ಮೇನ್ ರೋಡಲ್ಲಿರೋ ಅಂಕಿತ ಪುಸ್ತಕಕ್ಕೆ ನುಗ್ಗೋದು.

ಹೋದ ವರ್ಷ ಸೋಮಾರಿತನಕ್ಕೆ ಆನ್‌ಲೈನಲ್ಲಿ ತರಿಸಿದ್ದೆ. ಯಾವ ಸೈಟು ಅಂತ ಬೇಡ ಬಿಡಿ. ಮುಖಪುಟದ ಫೋಟೋ ನೋಡಿ ಮರುಳಾಗಿ ದುಡ್ಡು ಕಟ್ಟಿದ್ದು, ಬಂದಿದ್ದು ನೋಡಿದ್ರೆ ಅಕ್ಷರ ಇರುವೆ ಸಾಲಿನ ಥರ, ಮೂರನೇ ರಾತ್ರಿಗೇ ಬೈಂಡಿಂಗ್ ಬಿಟ್ಕೊಂಡು ಹತ್ತಾರು ಹಾಳೆ ಒಟ್ಟಿಗೆ ರಗ್ಗಿನ ಮೇಲೆ ಬಿತ್ತು. ಅದಕ್ಕೇ ಈ ಸಲ ಅಮ್ಮ ಹೊರಡೋವಾಗ್ಲೇ ಹೇಳಿದ್ರು, 'ಕತೆ ಯಾವ್ದಾದ್ರೂ ಇರ್ಲಿ, ಅಕ್ಷರ ದಪ್ಪ ಇರೋದು ತಗೊಂಡ್ ಬಾರೋ'.

ಅಂಗಡಿಗೆ ಹೋಗೋದ್ರ ಲಾಭ ಇದೇ ನೋಡಿ. ಮೊದಲ ಪುಟ ಎಲ್ರೂ ಚೆನ್ನಾಗೇ ಬರೆದಿರ್ತಾರೆ, ನಾನು ಮಧ್ಯದಲ್ಲೆಲ್ಲೋ ತೆಗೆದು ನಿಂತಲ್ಲೇ ಎರಡು ಪುಟ ಓದ್ತೀನಿ, ಹಿಂದಿದ್ದೋರಿಗೆ ದಾರಿ ಬಿಡೋದೂ ಮರೆತೋದ್ರೆ ಆ ಪುಸ್ತಕ ಬಿಲ್ಲಿಗೆ. ಹಂಗೇ ಸಿಕ್ಕಿದ್ದು ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು'. 1967ರಲ್ಲಿ ಬಂದ ಪುಸ್ತಕ, ಕಾಲೇಜಲ್ಲಿ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದೆ, ಯಾಕೇಂದ್ರೆ ಬಸ್ಸಲ್ಲಿ ನಿಂತ್ಕೊಂಡು ಓದೋ ಪುಸ್ತಕ ಅಲ್ಲ ಅದು. ಶುರುವಲ್ಲೇ ಗುತ್ತಿ, ಅವನ ನಾಯಿ ಹುಲಿಯ, ಕಾಡುದಾರಿ, ಆಮೇಲೆ ಒಂದೊಂದೇ ಮನೆ, ಒಂದೊಂದು ಮನೇಲೂ ಹಿಂಡು ಜನ. ಯಾರು ಯಾರ ಮಗ ಅಂತ ಬಿಲ್ಲಿನ ಹಿಂದೆ ಬರ್ಕೊಂಡೆ, ನೀವೂ ಬರ್ಕೊಳ್ಳಿ, ನಾಚಿಕೆ ಏನಿಲ್ಲ. ಏಳ್ನೂರು ಪುಟದ ಆಸುಪಾಸು ಇರೋದ್ರಿಂದ ಮಲಗಿ ಓದಿದ್ರೆ ಮಣಿಕಟ್ಟು ನೋಯುತ್ತೆ, ಹೊಟ್ಟೆ ಮೇಲೆ ದಿಂಬಿಟ್ಟು ಅದರ ಮೇಲೆ ಪುಸ್ತಕ ಇಟ್ಕೋಬೇಕು. ರಾತ್ರಿ ಉದ್ದ ಇರೋ ಡಿಸೆಂಬರಿಗೆ ಇಂಥದ್ದೇ ಸರಿ. ಹುಲಿಯನಿಗೆ ಏನಾಗುತ್ತೆ ಅಂತ ಮಾತ್ರ ಯಾರತ್ರಾನೂ ಕೇಳ್ಬೇಡಿ.

ಅಮ್ಮನಿಗೆ ಕುವೆಂಪು ಮಗ ತೇಜಸ್ವಿಯವರ 'ಕರ್ವಾಲೋ' ತಗೊಂಡೆ, 1980ರದ್ದು. ತೆಳ್ಳಗಿದೆ, ಕೈಗೂ ಭಾರ ಇಲ್ಲ. ಹಾರೋ ಓತಿ ಹುಡುಕ್ಕೊಂಡು ಕಾಡಿಗೆ ಹೋಗೋ ಕತೆ, ಇದರಲ್ಲೂ ಒಂದು ನಾಯಿ, ಹೆಸರು ಕಿವಿ. ಅಪ್ಪನ ಪುಸ್ತಕದಲ್ಲೊಂದು ಮಗನ ಪುಸ್ತಕದಲ್ಲೊಂದು, ಮನೆಗೆ ಬಂದ್ಮೇಲೆ ಹೊಳೀತು ನನಗೆ.

ಪರಿಷೆ ದಿನ ಆ ಕಡೆ ಪಾರ್ಕಿಂಗ್ ಆಸೆ ಬಿಟ್ಬಿಡಿ. ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ನಲ್ಲಿ ಇಳಿದು ನಡೆದ್ರೆ ಆಯ್ತು, ಆದ್ರೆ ಪುಸ್ತಕ ಮೊದ್ಲು ತಗೊಂಡು ಕಡಲೆಕಾಯಿ ಆಮೇಲೆ ತಗೊಳ್ಳಿ, ನಾನು ಉಲ್ಟಾ ಮಾಡಿ ಮಣ್ಣಿನ ಕೈಲೇ ಪುಟ ತಿರುವಿ ಕಸಿವಿಸಿ ಆಯ್ತು.

ಅಮ್ಮ ಕರ್ವಾಲೋನ ನಾಲ್ಕೇ ದಿನಕ್ಕೆ ಮುಗಿಸಿದ್ರು. ನಾನಿನ್ನೂ ಮುನ್ನೂರನೇ ಪುಟದ ಹತ್ರ ಇದೀನಿ, ದಿನಾ ಬೆಳಗ್ಗೆ ಕಾಫಿ ಕೊಡೋವಾಗ 'ಎಲ್ಲಿಗೆ ಬಂತೋ' ಅಂತ ಕೇಳ್ತಾರೆ.