ಕನ್ನಡ ಬೋರ್ಡಿನ ಅಕ್ಷರಕ್ಕೆ ಇಂಕ್‌ಸ್ಕೇಪ್: ವರ್ಷಗಟ್ಟಲೆ ಬಳಸಿದ ಮೇಲೆ

ಬೆಂಗಳೂರಿನಲ್ಲಿ ಅಂಗಡಿ ಬೋರ್ಡು, ಮದುವೆ ಕಾರ್ಡು, ಸಣ್ಣ ಹೋಟೆಲುಗಳ ಹೆಸರಿಗೆ ಕನ್ನಡ ಅಕ್ಷರ ಬಿಡಿಸಿಕೊಡುವುದು ನನ್ನ ಕೆಲಸ. ಮೊದಲಿನಿಂದಲೂ ಇದಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಪೂರ್ತಿ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಅಕ್ಷರ ಬಿಡಿಸುವ ಮಟ್ಟಿಗೆ ಇದು ಧಾರಾಳವಾಗಿ ಸಾಕು. ಪ್ರೆಸ್ಸಿಗೆ ಕಳಿಸುವ ಹೊತ್ತಿಗೆ ಮಾತ್ರ ಸ್ವಲ್ಪ ಪರದಾಟ ಇದೆ.

ಟೈಪ್ ಮಾಡಿದರೆ ಆಯ್ತಲ್ವಾ, ಬಿಡಿಸೋದ್ಯಾಕೆ ಅಂತ ಕೇಳುವವರೇ ಜಾಸ್ತಿ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎಂಬ ಕಾನೂನು 2024ರಲ್ಲಿ ಬಂದ ಮೇಲೆ ಊರಲ್ಲಿ ಕನ್ನಡ ಹೆಚ್ಚು ಕಾಣುತ್ತಿದೆ. ನನಗೆ ತುಂಬ ಖುಷಿ. ಆದರೆ ಎಷ್ಟೋ ಕಡೆ ಯಾವುದೋ ಫಾಂಟನ್ನು ಅಡ್ಡಕ್ಕೆ ಎಳೆದು ಅಂಟಿಸಿರುತ್ತಾರೆ. ಹಾಗೆ ಎಳೆದಾಗ ನೆಟ್ಟಗೆ ನಿಂತ ಗೆರೆ ದಪ್ಪವಾಗುತ್ತದೆ, ತಲೆಕಟ್ಟು ತೆಳ್ಳಗೇ ಉಳಿಯುತ್ತದೆ. ಅಕ್ಷರದ ಅಂದವೇ ಹೋಗುತ್ತದೆ.

ಗಾಂಧಿ ಬಜಾರಿನ ಕಡೆಯ ಒಂದು ಹೂವಿನ ಅಂಗಡಿಗೆ ‘ಮಲ್ಲಿಗೆ’ ಎಂದು ಬರೆಯಬೇಕಿತ್ತು. ಬೋರ್ಡು ಉದ್ದ, ಎತ್ತರ ಕಡಿಮೆ. ‘ಲ್ಲಿ’ಯಲ್ಲಿ ಗುಡಿಸು ಮೇಲೆ ಏಳುತ್ತದೆ, ಒತ್ತು ಕೆಳಗೆ ಇಳಿಯುತ್ತದೆ. ಫಾಂಟಿನಲ್ಲಾದರೆ ಈ ಒಂದು ಒತ್ತಿಗೆ ಜಾಗ ಬಿಡಲು ಇಡೀ ಹೆಸರನ್ನೇ ಚಿಕ್ಕದು ಮಾಡಬೇಕು. ಬಿಡಿಸುವಾಗ ಒತ್ತನ್ನು ಬಲಕ್ಕೆ ಸರಿಸಿ ‘ಗೆ’ಯ ಅಡಿಗೆ ಚಾಚಿದೆ, ‘ಗೆ’ಯನ್ನು ತುಸು ಮೇಲೆತ್ತಿದೆ. ಹೆಸರು ದೊಡ್ಡದಾಗಿಯೇ ಉಳಿಯಿತು, ಬಸ್ಸಿನಲ್ಲಿ ಹೋಗುವವರಿಗೂ ಓದಲು ಬರುತ್ತದೆ.

ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಫೋಟೋ ತೆಗೆದು, ಕೆಳಗಿನ ಲೇಯರ್‌ನಲ್ಲಿ ಲಾಕ್ ಮಾಡುತ್ತೇನೆ. ಆಮೇಲೆ ‘ಬಿ’ ಕೀ ಒತ್ತಿ, ಪೆನ್ ಟೂಲ್ ತೆಗೆದು, ಅದರ ಮೇಲೆ ಗೆರೆ ಎಳೆಯುತ್ತೇನೆ. ಕನ್ನಡ ಎಲ್ಲಾ ಗುಂಡು ಗುಂಡು, ಹಾಗಾಗಿ ಜಾಣತನ ಇರುವುದೆಲ್ಲ ನೋಡ್ (ಗೆರೆಯನ್ನು ಹಿಡಿದಿಡುವ ಚುಕ್ಕಿ) ಎಲ್ಲಿ ಇಡುತ್ತೀರಿ ಅನ್ನುವುದರಲ್ಲಿ. ಒಂದು ಪೂರ್ತಿ ವೃತ್ತಕ್ಕೆ ನಾಲ್ಕೇ ಸಾಕು: ಮೇಲೆ, ಕೆಳಗೆ, ಎಡ, ಬಲ. ಕಂಟ್ರೋಲ್ ಹಿಡಿದು ಎಳೆದರೆ ಹ್ಯಾಂಡಲ್ (ನೋಡ್‌ನಿಂದ ಚಾಚಿ ತಿರುವನ್ನು ಬಾಗಿಸುವ ಕಡ್ಡಿ) 15 ಡಿಗ್ರಿ ಲೆಕ್ಕದಲ್ಲಿ ತಿರುಗುತ್ತದೆ, ನೆಟ್ಟಗೆ ಅಥವಾ ಅಡ್ಡಕ್ಕೆ ಸರಿಯಾಗಿ ಕೂರುತ್ತದೆ. ‘ಮ’ದ ಹೊಟ್ಟೆಗೆ ಒಂದು ನೋಡ್ ಜಾಸ್ತಿ ಇಟ್ಟು ನೋಡಿ. ತಿರುವು ಅಲ್ಲೇ ಸೊಟ್ಟಗಾಗುತ್ತದೆ. ಸ್ಕ್ರೀನಿನಲ್ಲಿ ಗೊತ್ತಾಗದ ಆ ಸೊಟ್ಟ ಆರು ಅಡಿ ಬೋರ್ಡಿನಲ್ಲಿ ಎದ್ದು ಕಾಣುತ್ತದೆ. ಫೋಟೋವನ್ನು ತಾನೇ ಪಾತ್ (ನೋಡ್‌ಗಳನ್ನು ಜೋಡಿಸಿದ ಗೆರೆ) ಮಾಡಿಕೊಡುವ ಟ್ರೇಸ್ ಬಿಟ್‌ಮ್ಯಾಪ್ ಕೂಡ ಇದೆ. ಅಕ್ಷರಕ್ಕೆ ಅದು ಬೇಡ, ಸುಮ್ನೆ ರಾಶಿ ನೋಡ್ ಸುರಿಯುತ್ತದೆ.

ದಪ್ಪ-ತೆಳು ಬರಹಕ್ಕೆ ಪವರ್ ಸ್ಟ್ರೋಕ್ ನನಗೆ ಬಹಳ ಇಷ್ಟ. ನಡುಗೆರೆ ಒಂದನ್ನು ಎಳೆದು, ಎಲ್ಲಿ ಎಷ್ಟು ದಪ್ಪ ಬೇಕೋ ಅಲ್ಲಿ ಹಿಡಿದು ಹಿಗ್ಗಿಸಬಹುದು. ಮನಸ್ಸು ಬದಲಾದರೆ ಗೆರೆ ಮತ್ತೆ ಎಳೆಯಬೇಕಿಲ್ಲ.

ವಿನೈಲ್ (ಬೋರ್ಡಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಕಟಿಂಗಿಗೆ ಕೊಡುವ ಮುಂಚೆ ಯೂನಿಯನ್ ಮಾಡಲೇಬೇಕು, ಅಂದರೆ ಒಂದರ ಮೇಲೊಂದು ಕೂತ ಪಾತ್‌ಗಳನ್ನು ಸೇರಿಸಿ ಒಂದೇ ಮಾಡಬೇಕು. ತಲೆಕಟ್ಟು ಅಕ್ಷರದ ಮೇಲೆ ಬೇರೆ ಪಾತ್ ಆಗಿ ಕೂತಿದ್ದರೆ ಮಷಿನ್ ಎರಡನ್ನೂ ಕತ್ತರಿಸುತ್ತದೆ, ಅಕ್ಷರದ ನಡುವೆಯೇ ಗೀರು ಬೀಳುತ್ತದೆ. 2023ರ 1.3 ಆವೃತ್ತಿಯಲ್ಲಿ ಬಂದ ಶೇಪ್ ಬಿಲ್ಡರ್‌ನಿಂದ ಈ ಕೆಲಸ ಸಲೀಸು. ಬೇಕಾದ ತುಂಡುಗಳ ಮೇಲೆ ಮೌಸ್ ಎಳೆದರೆ ಸೇರಿಕೊಳ್ಳುತ್ತವೆ.

ಬಿಡಿಸದೆ ಟೈಪ್ ಮಾಡುವುದಾದರೆ, ಯೂನಿಕೋಡ್ ಕನ್ನಡ ಒತ್ತಕ್ಷರದ ಸಮೇತ ಸರಿಯಾಗಿ ಮೂಡುತ್ತದೆ. ಹಳೆಯ ನುಡಿ ಫಾಂಟಿನ ಬರಹವನ್ನು ಮಾತ್ರ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ.

ಇನ್ನು ಪ್ರೆಸ್ಸಿನ ವಿಷಯ. ಇಲ್ಲಿ ಕೋರೆಲ್‌ಡ್ರಾ ಎಂಬ ಇನ್ನೊಂದು ಸಾಫ್ಟ್‌ವೇರಿನ ಫೈಲ್ ಕೇಳುವವರು ತುಂಬ ಜನ. ಇಂಕ್‌ಸ್ಕೇಪ್ ಅದನ್ನು ತೆರೆಯುತ್ತದೆ, ಆ ಬಗೆಯಲ್ಲಿ ಸೇವ್ ಮಾಡುವುದಿಲ್ಲ. ನಾನು ಎಲ್ಲವನ್ನೂ ಪಾತ್ ಮಾಡಿ ಪಿಡಿಎಫ್ ಕೊಡುತ್ತೇನೆ, ಅಕ್ಷರ ಹಾಗೇ ತೆರೆದುಕೊಳ್ಳುತ್ತದೆ. ಬಣ್ಣದ್ದೇ ತಲೆನೋವು. ನಾನು ಬಳಸಿರುವ ಆವೃತ್ತಿಗಳಲ್ಲಿ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣದ ಲೆಕ್ಕ) ಪಿಡಿಎಫ್ ನೇರವಾಗಿ ಬರುವುದಿಲ್ಲ, ಬಣ್ಣವನ್ನು ಪ್ರೆಸ್ಸಿನಲ್ಲೇ ಕೂತು ಹೊಂದಿಸಬೇಕು. ಒಂದೇ ಬಣ್ಣದ ವಿನೈಲ್, ಅಕ್ರಿಲಿಕ್ ಅಕ್ಷರಗಳಿಗೆ ಈ ತೊಂದರೆಯೇ ಇಲ್ಲ. ನಾಲ್ಕು ಬಣ್ಣದ ಕಾರ್ಡುಗಳೇ ನಿಮ್ಮ ಮುಖ್ಯ ಕೆಲಸವಾದರೆ ಯೋಚಿಸಿ ಇಳಿಯಿರಿ.