ಕರೆಂಟ್ ಬಂತೇ ಎಂದು ಕೇಳಿದರೆ ಥಟ್ಟನೆ ಹೌದು ಎನ್ನಬೇಡಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ. ಬೇಸಿಗೆ ಇನ್ನೂ ಮುಗಿದಿಲ್ಲ, ನಾನು ಬಿದ್ದ ಹಳ್ಳಕ್ಕೆ ಇನ್ನೊಬ್ಬರು ಬೀಳುವುದು ಬೇಡ. ಫೋನಿನಲ್ಲಿ ನಾನು ಆಡಿದ ಎರಡು ಪದ, "ಹೌದು, ಬಂತು" ಎಂಬ ಎರಡೇ ಪದ, ಇವತ್ತು ನನ್ನ ವಿರುದ್ಧದ ಸಾಕ್ಷಿಯಾಗಿ ವಿದ್ಯುತ್ ಕಚೇರಿಯ ಕಡತದಲ್ಲಿ ಕುಳಿತಿವೆ. ಫ್ರಿಜ್ ಸುಟ್ಟಿತು, ಟಿವಿ ಸುಟ್ಟಿತು, ಫ್ರಿಜ್ಜಿನಲ್ಲಿದ್ದ ಅಮ್ಮನ ಇನ್ಸುಲಿನ್ ಹಾಳಾಯಿತು. ಎಲ್ಲದಕ್ಕೂ ಒಂದೇ ಉತ್ತರ: "ಗ್ರಾಹಕರೇ ದೃಢಪಡಿಸಿದ್ದಾರೆ."

ಆ ವಾರದಲ್ಲಿ ಅದು ಮೂರನೆಯ ಸಲ ಕರೆಂಟ್ ಹೋದದ್ದು. ಸಂಜೆ ಎಲ್ಲರೂ ಮನೆಗೆ ಮರಳಿ ಏಸಿ, ಕೂಲರ್ ಹಾಕುವ ಹೊತ್ತಿಗೆ ಸರಿಯಾಗಿ ಹೋಯಿತು. ದೂರು ಕೊಟ್ಟೆ, ಸಂಖ್ಯೆ ಬಂತು, ಕಾದೆ. ಇದೆಲ್ಲ ನಿಮಗೂ ಗೊತ್ತಿರುವುದೇ. ಆದರೆ ಅದಕ್ಕೂ ಎರಡು ವಾರ ಮೊದಲೇ ಒಂದು ವಿಚಿತ್ರ ನಡೆಯುತ್ತಿತ್ತು. ಪಕ್ಕದ ಮನೆಯವರು ನೀರಿನ ಮೋಟಾರ್ ಹಾಕಿದಾಗಲೆಲ್ಲ ನಮ್ಮ ಬಲ್ಬಿನ ಬೆಳಕು ಹೆಚ್ಚಾಗುತ್ತಿತ್ತು. ಕಡಿಮೆಯಾಗುತ್ತಿರಲಿಲ್ಲ, ಹೆಚ್ಚಾಗುತ್ತಿತ್ತು! ಇದನ್ನು ಎರಡು ಸಲ ದೂರಿನಲ್ಲಿ ಹೇಳಿದ್ದೆ. "ಬೇಸಿಗೆಯಲ್ಲಿ ಲೋಡ್ ಜಾಸ್ತಿ ಸರ್, ಹೀಗೆಲ್ಲ ಆಗುತ್ತದೆ" ಎಂದರು. ಯಾರೂ ಬರಲಿಲ್ಲ. ಎರಡೂ ದೂರುಗಳು "ಪರಿಹರಿಸಲಾಗಿದೆ" ಎಂದು ಮುಚ್ಚಿಹೋದವು. ನಾನೂ ಬಿಟ್ಟುಬಿಟ್ಟೆ. ಅದು ನನ್ನ ಮೊದಲ ತಪ್ಪು.

ರಾತ್ರಿ ಹನ್ನೊಂದು ದಾಟಿದ ಮೇಲೆ ದೀಪ ಹೊತ್ತಿತು. ಎರಡು ನಿಮಿಷವೂ ಆಗಿರಲಿಲ್ಲ, ವಿದ್ಯುತ್ ಕಚೇರಿಯಿಂದ ಫೋನ್ ಬಂತು.

"ಕರೆಂಟ್ ಬಂತೇ ಸರ್?"

"ಹೌದು, ಬಂತು. ತುಂಬಾ ಧನ್ಯವಾದ."

ಧನ್ಯವಾದವನ್ನೂ ಹೇಳಿದೆ! ನಾಲ್ಕು ಗಂಟೆ ಸೆಖೆಯಲ್ಲಿ ಕುಳಿತಿದ್ದ ಅಮ್ಮನ ಮುಖಕ್ಕೆ ಫ್ಯಾನಿನ ಗಾಳಿ ಬಿದ್ದದ್ದನ್ನು ನೋಡಿ ಮನಸ್ಸು ತುಂಬಿ ಹೇಳಿದ ಮಾತು ಅದು. ದೂರು ಮುಕ್ತಾಯವಾಗಿದೆ ಎಂಬ ಸಂದೇಶ ಕೂಡಲೇ ಬಂತು. ಅದನ್ನು ಓದುತ್ತಿದ್ದಂತೆಯೇ ಫ್ಯಾನಿನ ಸದ್ದು ಬದಲಾಯಿತು. ರೆಕ್ಕೆಗಳು ಕಿತ್ತುಬರುವಂತೆ ತಿರುಗತೊಡಗಿದವು. ಬಲ್ಬ್ ಕಣ್ಣು ಕೋರೈಸುವಷ್ಟು ಬೆಳಗಿತು. ಅಡುಗೆಮನೆಯಿಂದ ಪಟ್ ಎಂಬ ಸದ್ದು, ಹಿಂದೆಯೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮೇನ್ ಸ್ವಿಚ್ಚಿಗೆ ಓಡಿದೆ. ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ನಮ್ಮ ಬೀದಿಯಲ್ಲೇ ಇರುವ ಒಬ್ಬ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದರು. 230 ವೋಲ್ಟ್ ಇರಬೇಕಾದಲ್ಲಿ 338 ಇತ್ತು.

ಅವರು ಅದೇ ಕತ್ತಲಲ್ಲಿ ನನಗೆ ಅರ್ಥವಾಗುವಂತೆ ಹೇಳಿದರು. ಕಂಬದ ಮೇಲೆ ಬರುವುದು ಕರೆಂಟ್ ತರುವ ಮೂರು ಫೇಸ್ ತಂತಿ, ಅದು ಮರಳಿ ಹೋಗುವ ಒಂದು ನ್ಯೂಟ್ರಲ್ ತಂತಿ. ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400. ನ್ಯೂಟ್ರಲ್ ಕಡಿದುಹೋದರೆ ಬೇರೆ ಬೇರೆ ಫೇಸಿನಲ್ಲಿರುವ ಮನೆಗಳು ಒಂದರ ಹಿಂದೆ ಒಂದು ಜೋಡಿಸಿದಂತಾಗಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆ ಸಮನಾಗಿರುವುದಿಲ್ಲ. ಹೆಚ್ಚು ಲೋಡ್ ಹಾಕಿದ ಮನೆಗೆ ಕಡಿಮೆ ವೋಲ್ಟೇಜ್, ಕಡಿಮೆ ಲೋಡ್ ಇರುವ ಮನೆಗೆ ಹೆಚ್ಚು. ಕರೆಂಟನ್ನು ಮಿತವಾಗಿ ಬಳಸುವ ಮನೆಯೇ ಮೊದಲು ಸುಡುತ್ತದೆ. ನಮ್ಮಲ್ಲಿ ಓಡುತ್ತಿದ್ದದ್ದು ಎರಡು ಫ್ಯಾನ್, ಒಂದು ಫ್ರಿಜ್, ಒಂದು ಟಿವಿ, ಅಷ್ಟೇ.

ಎಂಸಿಬಿ, ಅಂದರೆ ಅಪಾಯವಾದಾಗ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್, ಏಕೆ ಬೀಳಲಿಲ್ಲ ಎಂದು ಕೇಳಿದೆ. ಎಂಸಿಬಿ ನೋಡುವುದು ಹೆಚ್ಚು ಕರೆಂಟ್ ಹರಿಯಿತೇ ಎಂಬುದನ್ನು ಮಾತ್ರ, ವೋಲ್ಟೇಜ್ ಏರಿದ್ದು ಅದಕ್ಕೆ ತಿಳಿಯುವುದೇ ಇಲ್ಲವಂತೆ. ಇಷ್ಟು ವರ್ಷ ಅದು ಇದೆಯೆಂದು ನೆಮ್ಮದಿಯಾಗಿ ಮಲಗಿದ್ದೆ. ಮೋಟಾರ್ ಹಾಕಿದಾಗ ಬಲ್ಬ್ ಜೋರಾಗಿ ಬೆಳಗುವುದೇ ನ್ಯೂಟ್ರಲ್ ಸಡಿಲವಾಗಿದೆ ಎಂಬುದರ ಗುರುತು ಎಂದೂ ಅವರೇ ಹೇಳಿದರು. ನಾನು ಎರಡು ಸಲ ದೂರಿನಲ್ಲಿ ಹೇಳಿದ್ದ ಅದೇ ಗುರುತು. ಹೊಟ್ಟೆ ಉರಿಯುವುದು ಇಲ್ಲಿಯೇ.

ಬೆಳಗಿನ ಜಾವ ಬಂದ ಲೈನ್‌ಮನ್ ಕಂಬ ಹತ್ತಿ, ಕಪ್ಪಗೆ ಕರಕಲಾಗಿದ್ದ ನ್ಯೂಟ್ರಲ್ ತಂತಿಯ ಜಾಯಿಂಟನ್ನು ತೆಗೆದು ತೋರಿಸಿದರು. ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ನೇರವಾಗಿ ಸುತ್ತಿ ಬಿಟ್ಟಿದ್ದರು, ಯಾವ ಕಾಲದ್ದೋ. ಎರಡೂ ಲೋಹಗಳು ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ, ಅಲ್ಯೂಮಿನಿಯಂ ಮೇಲೆ ಕಟ್ಟುವ ಆಕ್ಸೈಡ್ ಪದರ ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ಹಾಗಾಗಿ ಜಾಯಿಂಟ್ ಪ್ರತಿ ಬೇಸಿಗೆಯಲ್ಲೂ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಿಸಿಯಾಗುತ್ತದೆ. ಗಂಟೆಗಟ್ಟಲೆ ಹೋಗಿದ್ದ ಕರೆಂಟ್ ಮರಳಿದಾಗ ಬೀದಿಯ ಎಲ್ಲ ಫ್ರಿಜ್, ಏಸಿಗಳು ಒಟ್ಟಿಗೆ ಶುರುವಾದವಲ್ಲ, ಆ ಹೊಡೆತಕ್ಕೆ ಅದು ಕಡಿಯಿತು. ಟ್ರಾನ್ಸ್‌ಫಾರ್ಮರಿನ ಸ್ಥಿತಿಯೂ ಚೆನ್ನಾಗಿಲ್ಲ ಎಂದರು. ಒಳಗಿನ ಕಾಗದದ ನಿರೋಧಕ ಅತಿಯಾಗಿ ಕಾದಾಗ, ಪ್ರತಿ 6 ಡಿಗ್ರಿ ಏರಿಕೆಗೆ ಅದು ಸವೆಯುವ ವೇಗ ಸುಮಾರು ಎರಡರಷ್ಟಾಗುತ್ತದೆ. ರಾತ್ರಿಯಾದರೂ ತಣಿಯದ ಇಂಥ ಬೇಸಿಗೆಯಲ್ಲಿ ಅದು ಎಷ್ಟು ದಿನ ತಡೆದೀತು? ಆ ಲೈನ್‌ಮನ್ ಮೇಲೆ ನನಗೆ ಕೋಪವಿಲ್ಲ. ನಿದ್ದೆಯಿಲ್ಲದ ಅವರ ಕಣ್ಣುಗಳನ್ನು ನೋಡಿದ್ದೇನೆ. ಆದರೆ ಆ ಸುಟ್ಟ ಜಾಯಿಂಟಿನ ಫೋಟೋ ತೆಗೆದುಕೊಳ್ಳಲು ನನಗೆ ತೋಚಲಿಲ್ಲ. ಕೈಯಲ್ಲಿ ಮೊಬೈಲ್ ಇತ್ತು, ತೋಚಲಿಲ್ಲ. ಅದು ಅವರ ಚೀಲಕ್ಕೆ ಬಿತ್ತು, ಅಲ್ಲಿಗೆ ನನ್ನ ಪುರಾವೆ ಮುಗಿಯಿತು.

ಕಚೇರಿಗೆ ಮೂರು ಸಲ ಹೋದೆ.

ಮೊದಲ ದಿನ: "ನಿಮ್ಮ ಮನೆಯ ವೈರಿಂಗ್ ಹಳೆಯದಿರಬೇಕು." ಅದೇ ರಾತ್ರಿ ನಾಲ್ಕು ಮನೆಗಳಲ್ಲಿ ಸಾಮಾನು ಸುಟ್ಟಿದೆ, ನಾಲ್ಕೂ ಮನೆಗಳ ವೈರಿಂಗ್ ಒಂದೇ ನಿಮಿಷದಲ್ಲಿ ಕೆಟ್ಟಿತೇ ಎಂದು ಕೇಳಿದೆ. "ಲಿಖಿತವಾಗಿ ಕೊಡಿ" ಎಂದರು.

ಲಿಖಿತವಾಗಿ ಕೊಟ್ಟೆ. ಎರಡನೆಯ ಸಲ ಹೋದಾಗ ಮೇಜಿನ ಹಿಂದಿದ್ದವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. "ನೋಡಿ, ನಿಮ್ಮ ದೂರು ರಾತ್ರಿಯೇ ಮುಕ್ತಾಯವಾಗಿದೆ. ಗ್ರಾಹಕರೇ ದೃಢಪಡಿಸಿದ್ದಾರೆ. ಆಮೇಲೆ ಯಾವ ದೋಷವೂ ದಾಖಲಾಗಿಲ್ಲ." ಬೆಳಗಿನ ಜಾವ ಜಾಯಿಂಟ್ ಬದಲಿಸಿದರಲ್ಲ ಎಂದೆ. "ಅದು ವಾಡಿಕೆಯ ನಿರ್ವಹಣೆ." ಬೆಳಗಿನ ಜಾವ ನಾಲ್ಕೂವರೆಗೆ ವಾಡಿಕೆಯ ನಿರ್ವಹಣೆ! ಹಾಗೆ ಹೇಳುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆ ಕರೆ ನನ್ನ ಕಷ್ಟ ವಿಚಾರಿಸಲು ಬಂದದ್ದಲ್ಲ, ಕಡತ ಮುಚ್ಚಲು ಬಂದದ್ದು ಎಂಬುದು ನನಗೆ ಅರ್ಥವಾದದ್ದು ಆಗಲೇ. ಅದಕ್ಕೇ ಎರಡು ನಿಮಿಷವೂ ಕಾಯಲಿಲ್ಲ. ಅಂಥವರಿಗೆ ನಾನು ಧನ್ಯವಾದ ಹೇಳಿದ್ದೆ. ಸುತ್ತ ಜನ ನಿಂತಿದ್ದರು, ನನಗೆ ಮಾತೇ ಹೊರಡಲಿಲ್ಲ. ಮೂರನೆಯ ಸಲ ಒಂದು ಸಾಲಿನ ಉತ್ತರವನ್ನು ಕೈಗಿಟ್ಟರು: ಹಾನಿಗೂ ಸರಬರಾಜಿಗೂ ಸಂಬಂಧ ಕಂಡುಬಂದಿಲ್ಲ.

ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟು. ಕರೆಂಟ್ ಹೋದ ಕೂಡಲೇ ಒಂದು ಬಲ್ಬ್ ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ, ಪ್ಲಗ್ ಕಿತ್ತಿಡಿ. ಬಂದ ಮೇಲೆ ಕಾಲು ಗಂಟೆಯಾದರೂ ಆ ಬಲ್ಬನ್ನು ನೋಡಿ. ಬೆಳಕು ಏರಿಳಿದರೆ ಮೇನ್ ಸ್ವಿಚ್ ಆರಿಸಿ, ಲೋಹದ ಸಾಮಾನು ಮುಟ್ಟಬೇಡಿ, ನ್ಯೂಟ್ರಲ್ ಹೋದಾಗ ಅದರ ಹೊರಮೈಯೂ ಶಾಕ್ ಹೊಡೆಯಬಹುದು. ವೋಲ್ಟೇಜ್ ಏರಿದರೆ ತಾನೇ ಕಡಿಯುವ ರಕ್ಷಕ ಸಾಧನವನ್ನು ತಿಳಿದವರಿಂದ ಹಾಕಿಸಿ. ನಾನು ಈಗ ಹಾಕಿಸಿದ್ದೇನೆ, ಎಲ್ಲ ಸುಟ್ಟ ಮೇಲೆ. ಇನ್ಸುಲಿನ್ ಬಳಸುವವರು ಮನೆಯಲ್ಲಿದ್ದರೆ ಅದಕ್ಕೊಂದು ತಣ್ಣನೆಯ ಪೆಟ್ಟಿಗೆ ಸಿದ್ಧವಿಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಸುಟ್ಟದ್ದು, ಕರಕಲಾದದ್ದು ಏನೇ ಕಂಡರೂ ಫೋಟೋ ತೆಗೆಯಿರಿ. ಮತ್ತು ಆ ಕರೆಗೆ ಹೌದು ಎನ್ನಬೇಡಿ. ದಯವಿಟ್ಟು ಎನ್ನಬೇಡಿ.

ಮೊನ್ನೆ ರಾತ್ರಿ ಮತ್ತೆ ಕರೆಂಟ್ ಹೋಯಿತು, ಬಂತು, ಕರೆಯೂ ಬಂತು. "ಬಂದಿದೆ. ಆದರೆ ನಿಲ್ಲುತ್ತದೆಯೋ ಇಲ್ಲವೋ ನಾಳೆ ಬೆಳಿಗ್ಗೆ ಹೇಳುತ್ತೇನೆ, ಅಲ್ಲಿಯವರೆಗೆ ದೂರನ್ನು ಮುಚ್ಚಬೇಡಿ" ಎಂದೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟರು. ಹತ್ತು ನಿಮಿಷಕ್ಕೆ ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಆ ಸಂದೇಶದ ಚಿತ್ರ ತೆಗೆದಿಟ್ಟುಕೊಂಡು, ಅದೇ ಗಳಿಗೆಯಲ್ಲಿ ಹೊಸ ದೂರು ದಾಖಲಿಸಿದೆ.